ಕೊಸರಿಗೆ ಬಂದ ಬಟನ್ನುಗಳು

ದಿನಾ ಬಳಸುವವರನ್ನು ಜೊತೆಗೆ ಕರೆದುಕೊಂಡು ಹೋಗದೆ ಯಾವ ಸಾಮಾನನ್ನೂ ಕೊಳ್ಳಬೇಡಿ. ಎತ್ತು ಕೊಳ್ಳುವಾಗ ಉಳುವವನು ಪಕ್ಕದಲ್ಲಿರಬೇಕು, ರುಬ್ಬುವ ಮಿಶನ್ ಕೊಳ್ಳುವಾಗ ಅಡುಗೆ ಮಾಡುವವಳು ಇರಬೇಕು. ಇದನ್ನು ನಾನು ಎಷ್ಟೋ ಜನಕ್ಕೆ ಹೇಳಿದ್ದೇನೆ, ಕೇಳಿದವರು ಚೆನ್ನಾಗಿದ್ದಾರೆ. ಆದರೆ ಕಂಪ್ಯೂಟರಿನ ಪ್ರೋಗ್ರಾಂ ಕೊಳ್ಳಲು ಮೈಸೂರಿಗೆ ಹೋದಾಗ ಮಾತ್ರ ನಾನು ಒಬ್ಬನೇ ಹೋದೆ. ಎತ್ತಿ ನೋಡಲಾಗದ, ತಟ್ಟಿ ನೋಡಲಾಗದ ಸಾಮಾನಿಗೆ ಇನ್ನೊಬ್ಬರು ಬಂದು ಏನು ನೋಡಿಯಾರು ಎಂದುಕೊಂಡಿದ್ದೆ. ಆ ಒಂದು ಬಸ್ ಪ್ರಯಾಣದಿಂದ ನನಗೆ ಹತ್ತಿದ ತಲೆನೋವು ತಿಂಗಳಿಡೀ ಇಳಿಯಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ಗುಂಡ್ಲುಪೇಟೆಯಿಂದ ಕೇರಳದ ಕಡೆ ಹೋಗುವ ರಸ್ತೆಯಲ್ಲಿ, ಊರು ಮುಗಿಯುವ ಜಾಗದಲ್ಲಿ ನನ್ನದೊಂದು ವೇಬ್ರಿಡ್ಜ್ ಇತ್ತು. ತಲೆಯ ಮೇಲೆ ಈರುಳ್ಳಿ ಚೀಲ ಹೊತ್ತು ಶುರು ಮಾಡಿದವನು, ಲಾರಿಯನ್ನೇ ಎತ್ತಿ ತೂಗುವ ಕಬ್ಬಿಣದ ಹಾಸಿಗೆಗೆ ಮಾಲೀಕನಾಗಿದ್ದೆ. ಲಾರಿ ಖಾಲಿಯಾಗಿ ಬಂದಾಗ ಒಂದು ಸಲ, ಈರುಳ್ಳಿಯನ್ನೋ ಕುಂಬಳಕಾಯಿಯನ್ನೋ ತುಂಬಿಕೊಂಡು ಬಂದಾಗ ಇನ್ನೊಂದು ಸಲ ತೂಗಬೇಕು. ಎರಡರ ವ್ಯತ್ಯಾಸವೇ ಮಾಲಿನ ತೂಕ. ಅದನ್ನು ಚೀಟಿಯಲ್ಲಿ ಅಚ್ಚು ಮಾಡಿ ಕೊಟ್ಟರೆ ಡ್ರೈವರ್ ಘಾಟಿ ಇಳಿಯುತ್ತಿದ್ದ. ಚೀಟಿ ತಡವಾದರೆ ಲಾರಿ ತಡ, ಲಾರಿ ತಡವಾದರೆ ಆಚೆಯ ಮಾರ್ಕೆಟ್ಟಿನಲ್ಲಿ ಮಾಲಿಗೆ ಬೆಲೆಯಿಲ್ಲ. ಹಾಗಾಗಿ ಚೀಟಿ ಕೊಡುವ ಕೋಣೆಯಲ್ಲಿ ಕೂರುವವರ ಕೈ ಚುರುಕಾಗಿರಬೇಕು.

ಆ ಕೋಣೆಯಲ್ಲಿ ಕೂರುತ್ತಿದ್ದವಳು ನನ್ನ ಅಕ್ಕನ ಮಗಳು. ಚಂದಕವಾಡಿಯಲ್ಲಿ ಕೂಲಿನಾಲಿ ಮಾಡಿಕೊಂಡಿದ್ದ ಸಂಸಾರ ಅವರದು. ಚಿಕ್ಕವಳಿದ್ದಾಗ ಅರಿಸಿನ ಬೇಯಿಸುವ ಕೊಪ್ಪರಿಗೆಯ ಅಂಚು ಹಿಡಿದು ಇಣುಕಲು ಹೋಗಿ ಅವಳ ಎರಡೂ ಕೈ ಬೆಂದಿದ್ದವು. ಬಲಗೈ ಬೆರಳುಗಳು ಒಂದಕ್ಕೊಂದು ಅಂಟಿಕೊಂಡು ಮುಷ್ಟಿಯಂತೆಯೇ ಉಳಿದುಬಿಟ್ಟವು. ಎಡಗೈಯಲ್ಲಿ ತೋರುಬೆರಳೊಂದು ಮಾತ್ರ ನೆಟ್ಟಗೆ ಆಡುತ್ತಿತ್ತು. ಮನೆಗೆ ಯಾರಾದರೂ ಬಂದರೆ ಅವಳನ್ನು ಒಳಮನೆಗೆ ಕಳಿಸುತ್ತಿದ್ದರು, ಬಂದವರು ಹೋಗುವವರೆಗೆ ಸೆರಗಿನೊಳಗೆ ಕೈ ಇಟ್ಟುಕೊಂಡು ಕೂತಿರುತ್ತಿದ್ದಳು. ಎಸ್ಸೆಸ್ಸೆಲ್ಸಿ ಪಾಸಾಗಿದ್ದಳು, ಲೆಕ್ಕದಲ್ಲಿ ಗಟ್ಟಿ, ಬಾಯಲ್ಲಂತೂ ಇನ್ನೂ ಗಟ್ಟಿ. ನನಗೆ ಬೇಕಾಗಿದ್ದದ್ದು ಅಷ್ಟೇ ಆದ್ದರಿಂದ ಕರೆತಂದು ಕೂರಿಸಿದೆ. ರಾತ್ರಿ ನಮ್ಮ ಮನೆಯಲ್ಲೇ ಇರುತ್ತಿದ್ದಳು.

ಹಳೆಯ ಪ್ರೋಗ್ರಾಂ ಕಪ್ಪು ಪರದೆಯದು. ಕೀಬೋರ್ಡಿನ ಮೇಲ್ಸಾಲಿನಲ್ಲಿರುವ ಎಫ್ ಎರಡು ಒತ್ತಿದರೆ ಗಾಡಿ ನಂಬರ್ ಕೇಳುತ್ತಿತ್ತು, ಎಫ್ ಮೂರು ಒತ್ತಿದರೆ ತೂಕ ಹಿಡಿಯುತ್ತಿತ್ತು, ಎಫ್ ಐದು ಒತ್ತಿದರೆ ಪ್ರಿಂಟರ್ ಕಿರುಗುಟ್ಟುತ್ತಿತ್ತು. ಎಡಗೈಯ ಆ ಒಂದು ಬೆರಳಿನಲ್ಲಿ ಅವಳು ಇವನ್ನೆಲ್ಲ ಒತ್ತುವಳು. ಬಲಗೈಯ ಮುಷ್ಟಿಗೆ ದೊಡ್ಡ ಕೀಗಳೇ ಆಗಬೇಕು, ಆದ್ದರಿಂದ ಎಂಟರ್ ಮತ್ತು ಸ್ಪೇಸ್‌ಬಾರ್ ಅದರ ಪಾಲು. ಲಾರಿಯ ಹಿಂದಿನ ಗಾಲಿ ಪ್ಲೇಟಿನ ಮೇಲೆ ಹತ್ತಿ ನಿಲ್ಲುವಷ್ಟರಲ್ಲಿ ನಂಬರ್ ಹೊಡೆದು ಮುಗಿಸಿರುತ್ತಿದ್ದಳು.

"ಅಣ್ಣೋ, ನಿನ್ನ ಗಾಡಿ ಓದ ಸಲಕ್ಕಿಂತ ಊದ್ಕೊಂಡದಲ್ಲ, ಕ್ಲೀನರ್ನ ಇಳಿಸ್ದೆ ತೂಗುಸ್ತಿದ್ದಯಾ?" ಎಂದು ಕಿಟಕಿಯಿಂದ ಕೂಗುವಳು. ಕ್ಲೀನರ್ ಕ್ಯಾಬಿನ್ನಿನಿಂದ ನಗುತ್ತಾ ಇಳಿಯುವನು. ಅವಳನ್ನು ಏಮಾರಿಸಲು ಸಾಧ್ಯವಿರಲಿಲ್ಲ. ಅವಳು ಕೂತಮೇಲೆ ನಾನು ವೇಬ್ರಿಡ್ಜಿನ ಕಡೆ ತಲೆ ಹಾಕುವುದನ್ನೇ ಬಿಟ್ಟು ಬೇರೆ ವ್ಯಾಪಾರ ನೋಡಿಕೊಳ್ಳುತ್ತಿದ್ದೆ.

ಆಗ ಶುರುವಾಯಿತು ಎರಡು ಸಾವಿರನೇ ಇಸವಿಯ ಪುಕಾರು. ವರ್ಷವನ್ನು ಎರಡೇ ಅಂಕಿಯಲ್ಲಿ ಇಟ್ಟುಕೊಂಡ ಹಳೆಯ ಪ್ರೋಗ್ರಾಮುಗಳೆಲ್ಲ ಕೆಡುತ್ತವೆ, ಚೀಟಿಯ ಮೇಲೆ ತಪ್ಪು ಇಸವಿ ಬೀಳುತ್ತದೆ ಎಂದು ಎಲ್ಲರೂ ಹೇಳುವವರೇ. ಚೆಕ್‌ಪೋಸ್ಟಿನಲ್ಲಿ ಚೀಟಿ ನೋಡಿ, ಇದೇನಪ್ಪ ನಿಮ್ಮಜ್ಜನ ಕಾಲದ ಈರುಳ್ಳಿಯಾ ಎಂದು ಲಾರಿ ನಿಲ್ಲಿಸಿದರೆ ನನ್ನ ಗತಿಯೇನು? ವಿಚಾರಿಸಿದಾಗ ಮೈಸೂರಿನಲ್ಲಿ ಒಬ್ಬ ಹುಡುಗ ಹೊಸ ಥರದ ಪ್ರೋಗ್ರಾಂ ಬರೆದುಕೊಡುತ್ತಾನೆ ಎಂದು ಗೊತ್ತಾಯಿತು. ಅವನ ಹೆಚ್ಚುಗಾರಿಕೆ ಏನೆಂದರೆ, ಒಂದು ಸಲ ಬರೆದದ್ದು ಯಾವ ಜಾತಿಯ ಕಂಪ್ಯೂಟರಿಗೆ ಹಾಕಿದರೂ ಓಡುತ್ತದಂತೆ.

ಈ ಮಾತು ನನ್ನನ್ನು ಹಿಡಿದುಹಾಕಿತು. ಚಾಮರಾಜನಗರದಲ್ಲಿ ಕಚೇರಿಗಳ ಎದುರು ನನ್ನದೊಂದು ಅಚ್ಚಿನ ಅಂಗಡಿಯಿತ್ತು. ಮದುವೆ ಪತ್ರಿಕೆ, ಕರಪತ್ರ ಮಾಡುತ್ತಿದ್ದ ಅಲ್ಲಿನ ಕಂಪ್ಯೂಟರ್ ಬೇರೆ ಕಂಪನಿಯದು, ಗುಂಡ್ಲುಪೇಟೆಯದಕ್ಕೂ ಅದಕ್ಕೂ ಹೊಂದಿಕೆಯಾಗುತ್ತಿರಲಿಲ್ಲ. ಅರಿಸಿನದ ಮಂಡಿಯವರಿಗೆ ಅಲ್ಲಿಂದಲೇ ತೂಕದ ಬಿಲ್ಲು ತೆಗೆದುಕೊಡಬೇಕೆಂದು ನನಗೆ ಬಹಳ ದಿನದ ಆಸೆ. ಒಂದು ಪ್ರೋಗ್ರಾಂ ಕೊಂಡು ಎರಡೂರಲ್ಲಿ ಓಡಿಸಬಹುದು ಎಂದರೆ ಒಂದು ಎತ್ತು ಕೊಂಡು ಎರಡು ಗಾಡಿ ಕಟ್ಟಿದ ಹಾಗೆ! ಹೋಗಿ ಕೂತು ಅರ್ಧ ದಿನ ಚೌಕಾಸಿ ಮಾಡಿದೆ. "ಎರಡು ಕಡೇನೂ ಒಂದೇ ಥರ ಕಾಣ್ಬೇಕು, ಒಂದೇ ಥರ ನಡೀಬೇಕು, ಒಂಚೂರೂ ವ್ಯತ್ಯಾಸ ಇರಬಾರ್ದು ಕಣಪ್ಪ" ಎಂದು ಕೈಮೇಲೆ ಕೈ ಹಾಕಿಸಿಕೊಂಡೆ.

ರೇಟು ಮುಗಿದ ಮೇಲೆ ಕೊಸರು ಕೇಳುವುದು ನಮ್ಮ ಕಡೆಯ ವಾಡಿಕೆ. ಸೊಪ್ಪು ಕೊಂಡರೆ ಮೇಲೆರಡು ಮೆಣಸಿನಕಾಯಿ, ಈರುಳ್ಳಿ ಕೊಂಡರೆ ತೂಕದ ಮೇಲೊಂದು ಬೊಗಸೆ. ಕೊಸರು ಕೇಳದೆ ಎದ್ದು ಬಂದವನನ್ನು ಗುಂಡ್ಲುಪೇಟೆಯಲ್ಲಿ ವ್ಯಾಪಾರಸ್ಥ ಎನ್ನುವುದಿಲ್ಲ.

"ಎಲ್ಲಿ, ಕೊಸರು?" ಎಂದೆ.

ಹುಡುಗ ಕಕ್ಕಾಬಿಕ್ಕಿಯಾದ. "ಸಾರ್, ಪ್ರೋಗ್ರಾಮಿಗೆ ಏನು ಕೊಸರು ಕೊಡೋದು?"

ಪರದೆ ನೋಡಿದೆ. ಬಣ್ಣಬಣ್ಣದ ಬಟನ್ನುಗಳು ಒಂದು ಸಾಲಿನಲ್ಲಿ ಕೂತಿದ್ದವು. ಕೆಳಗಡೆ ಬೇಕಾದಷ್ಟು ಜಾಗ ಖಾಲಿ ಬಿದ್ದಿತ್ತು. "ಇಲ್ಲಿ ಬೀಳು ಬಿದ್ದದಲ್ಲ, ಇನ್ನೊಂದು ಸಾಲು ಬಟನ್ ನೆಟ್ಟುಕೊಡು" ಎಂದೆ. ಹುಡುಗ ನಗುತ್ತಾ ಒಪ್ಪಿದ. ಕೂಡಿ ಕಳೆಯಲು ಒಂದು, ಕ್ಯಾಲೆಂಡರಿಗೆ ಒಂದು, ಗಡಿಯಾರಕ್ಕೆ ಒಂದು, ಪರದೆಯ ಬಣ್ಣ ಬದಲಾಯಿಸಲು ಒಂದು, ಒತ್ತಿದರೆ ದೊಡ್ಡ ಅಕ್ಷರದಲ್ಲಿ ನಮಸ್ಕಾರ ಹೇಳಲು ಇನ್ನೊಂದು. ಬಸ್ಸಿನಲ್ಲಿ ಬರುವಾಗ ಪಕ್ಕದಲ್ಲಿ ಕೂತಿದ್ದ ಅಪರಿಚಿತನಿಗೂ ಇದನ್ನೆಲ್ಲ ಹೇಳಿಕೊಂಡು ಬಂದೆ.

ಅವಳಿಲ್ಲದ ಹೊತ್ತಿನಲ್ಲಿ ಹುಡುಗನೇ ಬಂದು ಎರಡೂ ಕಡೆ ಹಾಕಿಕೊಟ್ಟು ಹೋದ. ಮಾರನೆಯ ಬೆಳಿಗ್ಗೆ ಮೊದಲನೇ ಲಾರಿ ಪ್ಲೇಟು ಹತ್ತಿತು. ಅವಳು ಎಫ್ ಎರಡು ಒತ್ತಿದಳು. ಏನೂ ಆಗಲಿಲ್ಲ. ಎಫ್ ಮೂರು ಒತ್ತಿದಳು, ಐದು ಒತ್ತಿದಳು, ಆ ಸಾಲನ್ನೆಲ್ಲ ಒಂದೊಂದಾಗಿ ಒತ್ತಿದಳು. ನಂಬರ್ ಹೊಡೆಯುವ ಡಬ್ಬಿಯಲ್ಲಿ ನಂಬರ್ ಬೀಳುತ್ತಿತ್ತು, ಆದರೆ 'ತೂಕ ಹಿಡಿ' ಎಂಬ ಬಟನ್ನಿನ ಹತ್ತಿರ ಹೋಗಲು ಕೀಬೋರ್ಡಿನಿಂದ ದಾರಿಯೇ ಇರಲಿಲ್ಲ. ಮೌಸ್ ಹಿಡಿದು ಬಾಣವನ್ನು ಅದರ ಮೇಲೆ ತಂದು ನಿಲ್ಲಿಸಿ ಒತ್ತಬೇಕಿತ್ತು.

ಅವಳ ಕೈ ಮೌಸ್ ಹಿಡಿಯುವ ಕೈಯಲ್ಲ. ಬಲ ಮುಷ್ಟಿಯಿಂದ ದೂಡಿದಳು, ಬಾಣ ಪರದೆಯ ಮೂಲೆಗೆ ಹಾರಿತು. ಎಡ ಮಣಿಕಟ್ಟಿನಿಂದ ಸರಿಸಿ ಇನ್ನೇನು ಬಟನ್ನಿನ ಮೇಲೆ ತಂದಳು ಎನ್ನುವಾಗ, ಒತ್ತಲು ಬೆರಳಿಟ್ಟರೆ ಮೌಸೇ ಜಾರಿತು. ಮೊಣಕೈಯಲ್ಲಿ ಪ್ರಯತ್ನಿಸಿದಳು. ಹೊರಗೆ ಹಾರನ್ನು. ಕಿಟಕಿಯಲ್ಲಿ ಮಲಯಾಳಿ ಡ್ರೈವರನೊಬ್ಬ ತಲೆ ಹಾಕಿ "ಸ್ಲಿಪ್ ಎವಿಡೆ ಚೇಚಿ, ಸ್ಲಿಪ್ ಎಲ್ಲಿ?" ಎಂದವನು ಅವಳ ಕೈ ನೋಡಿ ಮಾತು ನಿಲ್ಲಿಸಿದ. ಅವನ ಹಿಂದೆ ಇನ್ನಿಬ್ಬರು ಬಂದು ಇಣುಕಿದರು.

ಅವಳು ಎರಡೂ ಕೈಗಳನ್ನು ಸೆರಗಿನೊಳಕ್ಕೆ ಎಳೆದುಕೊಂಡಳು.

"ಮಾವ, ನೀನೇ ಕುಂತ್ಕೋ. ಇದು ನಂಗಲ್ಲ ಮಾಡಿರದು" ಎಂದು ಎದ್ದಳು.

ನಾನು ಕೂತೆ. ನನ್ನ ಕೈ ಸರಿಯಿದ್ದರೂ ಮೌಸ್ ನನಗೂ ಹೊಸದು. ಅದರ ಹೊಟ್ಟೆಯಲ್ಲಿ ಉರುಳುವ ಗುಂಡಿಗೆ ಈರುಳ್ಳಿ ಸಿಪ್ಪೆ, ರಸ್ತೆಯ ಧೂಳು ಅಂಟಿಕೊಂಡು ಎರಡು ಲಾರಿಗೊಮ್ಮೆ ಬಿಚ್ಚಿ ಒರೆಸಬೇಕಾಗುತ್ತಿತ್ತು. ಅವಳು ಕೋಣೆಯ ಆಚೆ ಕಟ್ಟೆಯ ಮೇಲೆ ಕೂತು ರಸ್ತೆ ನೋಡುತ್ತಿದ್ದಳು. ಅವತ್ತು ಯಾವ ಕ್ಲೀನರನನ್ನೂ ಕೂಗಿ ಇಳಿಸಲಿಲ್ಲ.

ಎಸ್‌ಟಿಡಿ ಬೂತಿಗೆ ಹೋಗಿ ಮೈಸೂರಿಗೆ ಫೋನ್ ಹಚ್ಚಿದೆ.

"ಸಾರ್, ಮೌಸ್ ಎಲ್ಲರೂ ಹಿಡೀತಾರೆ. ಎರಡು ದಿನ ಪ್ರ್ಯಾಕ್ಟೀಸ್ ಮಾಡಿಸಿ, ಬಂದುಬಿಡುತ್ತೆ" ಎಂದ ಹುಡುಗ.

"ಅವಳ ಕೈ ಬೆಂದದೆ ಕಣಯ್ಯ. ಎರಡು ದಿನದಲ್ಲಿ ಬೆರಳು ಬಂದುಬುಟ್ಟದಾ?"

"ಹಾಗಾದ್ರೆ ಬೇರೆ ಯಾರನ್ನಾದರೂ ಕೂರಿಸಬಹುದಲ್ಲ ಸಾರ್" ಎಂದ. ಫೋನ್ ಕುಕ್ಕಿದೆ. ಬೂತಿನವನು ನನ್ನ ಕಡೆ ಕೆಕ್ಕರಿಸಿ ನೋಡಿದ.

ಈ ಸುದ್ದಿ ಚಂದಕವಾಡಿ ಮುಟ್ಟಲು ಎಷ್ಟು ಹೊತ್ತು? ಭಾನುವಾರ ಭಾವ ಬಂದರು. ಮಗಳು ಕಟ್ಟೆಯ ಮೇಲೆ, ನಾನು ಕುರ್ಚಿಯ ಮೇಲೆ. ಅವರಿಗೆ ಕೇಳುವುದೇನೂ ಉಳಿಯಲಿಲ್ಲ.

"ಕೆಲ್ಸ ಇತ್ತು, ಕಳ್ಸಿದ್ನಿ. ಈಗ ಲಾರಿಯವರ ಮುಂದ ಸುಮ್ಗ ಕುಂತಿರಕ ನನ್ ಮಗಳೇನು ಬೊಂಬೆಯಾ? ಮನಗ ಓಗನ ಬಾ ಕಣಮ್ಮಿ" ಎಂದರು.

"ಒಂದು ತಿಂಗಳು ತಡೀರಿ ಭಾವ, ಸರಿ ಮಾಡಿಸ್ತೀನಿ" ಎಂದೆ.

"ನೀನು ಸರಿ ಮಾಡ್ಸದು ಈರುಳ್ಳಿ ರೇಟ ಕಣ. ಮಿಸನ್ ಸುದ್ದಿ ನಿನಗೇನ್ ಗೊತ್ತು?"

ಅವಳು ಕಟ್ಟೆಯಿಂದಲೇ, "ತಿಂಗ್ಳು ನೋಡನ ಕಣಪ್ಪ. ಆಗ್ನಿಲ್ಲ ಅಂದ್ರ ನಾನೇ ಬತ್ತೀನಿ. ಅಲ್ಲಿ ಬಂದು ಒಳಮನೇಲಿ ಕುಂತ್ಕಳಕೆ ಯಾವ ಮಿಸನ್ನೂ ಕಲೀಬೇಕಾಗಿಲ್ವಲ್ಲ" ಎಂದಳು. ಭಾವ ನೆಲ ನೋಡಿದರು. ಒಂದು ತಿಂಗಳಿಗೆ ಒಪ್ಪಿಕೊಂಡು ಬಸ್ಸು ಹತ್ತಿದರು. ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ಸಂಕಟ ಆಗುತ್ತಿರಲಿಲ್ಲ.

ಮೊದಲ ವಾರ ದಿನಕ್ಕೊಂದು ಫೋನ್ ಮಾಡಿ ಪೀಡಿಸಿದ ಮೇಲೆ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಒಂದು ಫ್ಲಾಪಿ ಬಂತು. ಟ್ಯಾಬ್ ಎಂಬ ಕೀ ಒತ್ತಿದರೆ ಬಟನ್ನಿನಿಂದ ಬಟನ್ನಿಗೆ ಹೋಗುತ್ತದೆ, ಬೇಕಾದ ಕಡೆ ಸ್ಪೇಸ್‌ಬಾರ್ ಒತ್ತಿದರೆ ಆಯಿತು ಎಂದು ಹುಡುಗ ಹೇಳಿದ್ದ. ಹೋಗುತ್ತಿದ್ದದ್ದು ನಿಜ. ಆದರೆ ಈಗ ಯಾವ ಬಟನ್ನಿನ ಮೇಲಿದೆ ಎಂದು ಪರದೆಯ ಮೇಲೆ ಒಂದು ಗುರುತೂ ಇರಲಿಲ್ಲ. ಕತ್ತಲೆಕೋಣೆಯಲ್ಲಿ ಗೋಡೆ ತಡಕಿದ ಹಾಗೆ. ಅವಳು ಎಷ್ಟು ಸಲ ಒತ್ತಿದೆ ಎಂದು ಬಾಯಲ್ಲೇ ಎಣಿಸುತ್ತಾ ಹೋದಳು. ಮಧ್ಯೆ ಯಾರೋ ಮಾತನಾಡಿಸಿದರು, ಎಣಿಕೆ ತಪ್ಪಿತು. ಪ್ರಿಂಟ್ ಎಂದುಕೊಂಡು ಒತ್ತಿದ್ದು 'ಹೊಸ ಗಾಡಿ' ಆಗಿತ್ತು. ಹಿಡಿದಿದ್ದ ತೂಕವೆಲ್ಲ ಅಳಿಸಿಹೋಯಿತು. ಅಷ್ಟರಲ್ಲಿ ಕುಂಬಳಕಾಯಿಯ ಲಾರಿ ಪ್ಲೇಟಿನಿಂದ ಇಳಿದಿತ್ತು. ಅದನ್ನು ಹಿಂದಕ್ಕೆ ಹತ್ತಿಸಬೇಕೆಂದರೆ ಹಿಂದಿದ್ದ ಲಾರಿಗಳೆಲ್ಲ ಹಿಂದೆ ಸರಿಯಬೇಕು. ಆ ದಿನ ನಾನು ಕನ್ನಡ, ತಮಿಳು, ಮಲಯಾಳ ಮೂರರಲ್ಲೂ ಬೈಸಿಕೊಂಡೆ.

"ಗುರುತು ಹಾಕು ಮಾರಾಯ, ಎಲ್ಲಿದ್ದೀನಿ ಅಂತ ಗೊತ್ತಾಗದು ಬೇಡ್ವಾ?" ಎಂದು ಮತ್ತೆ ಫೋನು.

"ಗುರುತು ಹಾಕಿದ್ರೆ ಡಿಸೈನ್ ಚೆನ್ನಾಗಿ ಕಾಣೋಲ್ಲ ಅಂತ ತೆಗೆದಿದ್ದೆ ಸಾರ್. ಬಟನ್ನುಗಳನ್ನ ನಾನೇ ಬಿಡಿಸಿರೋದು, ಮಿಶನ್ನಿನದ್ದಲ್ಲ."

ಚೆನ್ನಾಗಿ ಕಾಣುವುದಂತೆ! ಲಾರಿ ತೂಗುವ ಕೋಣೆಯಲ್ಲಿ! ನನ್ನ ವೇಬ್ರಿಡ್ಜಿನ ಗೋಡೆಗೆ ಸುಣ್ಣ ಹೊಡೆಸಿ ಎಷ್ಟು ವರ್ಷವಾಗಿತ್ತೋ ನನಗೇ ನೆನಪಿರಲಿಲ್ಲ.

ಎರಡನೇ ಫ್ಲಾಪಿಯಲ್ಲಿ ಗುರುತು ಬಂತು, ಬಟನ್ನಿನ ಸುತ್ತ ಚುಕ್ಕೆಚುಕ್ಕೆ ಗೆರೆ. ನೋಡಿದರೆ ಇನ್ನೊಂದು ಗ್ರಹಚಾರ. ನಾನು ಹೋರಾಡಿ ಗಿಟ್ಟಿಸಿಕೊಂಡಿದ್ದ ಕೊಸರಿನ ಬಟನ್ನುಗಳೆಲ್ಲ 'ತೂಕ ಹಿಡಿ'ಗೂ 'ಪ್ರಿಂಟ್'ಗೂ ನಡುವೆ ಸಾಲುಗಟ್ಟಿ ನಿಂತಿದ್ದವು. ಪ್ರತಿ ಲಾರಿಗೂ ಅವಳು ಕೂಡಿ ಕಳೆಯುವುದನ್ನು, ಕ್ಯಾಲೆಂಡರನ್ನು, ಗಡಿಯಾರವನ್ನು, ಬಣ್ಣವನ್ನು ಒಂದೊಂದಾಗಿ ದಾಟಬೇಕು. ಅವಸರದಲ್ಲಿ ಒಂದು ಹೆಚ್ಚೋ ಕಡಿಮೆಯೋ ಒತ್ತಿದರೆ ಪರದೆ ಹಸಿರಾಗುತ್ತಿತ್ತು, ಇಲ್ಲವೇ ನಮಸ್ಕಾರ ಹೇಳುತ್ತಿತ್ತು.

"ಏನ್ ಮಾವ, ನಾನು ಇಲ್ಲಿ ಗಾಡಿ ತೂಗ್ಬೇಕೋ, ಕುಂಟಾಬಿಲ್ಲೆ ಆಡ್ಬೇಕೋ?" ಎಂದಳು. "ಇದ್ಯಾವನ್ ಮಾವ ನಮಸ್ಕಾರದ ಬಟನ್ನು ಇಡಿ ಅಂದಂವ? ಡ್ರೈವರ್ಗಳು ದಿನಾ ನನಗ ಎಲ್ಡೊತ್ತು ಕೈ ಮುಗೀತಾವ್ರಾ?"

"ಯಾವನೋ ತಲೆ ಕೆಟ್ಟಂವ ಕಣಮ್ಮಿ" ಎಂದು ಜಾರಿಕೊಂಡೆ.

ತಿಂಗಳು ಅರ್ಧ ಮುಗಿದಿತ್ತು. ಇನ್ನು ಫೋನಿನಲ್ಲಿ ಆಗುವ ಕೆಲಸ ಅಲ್ಲ ಎನ್ನಿಸಿತು. ಆಗ ನನಗೆ ಗೊತ್ತಿದ್ದ ದಾರಿ ಹಿಡಿದೆ. ನನ್ನಂಥ ಇನ್ನೂ ನಾಲ್ಕು ಜನ ವೇಬ್ರಿಡ್ಜಿನವರು ನಿನ್ನ ಪ್ರೋಗ್ರಾಂ ನೋಡಬೇಕು ಅಂತಿದ್ದಾರೆ, ಈರುಳ್ಳಿ ಲಾರಿ ಜಾಸ್ತಿ ಇರುವ ದಿನ ಬಾ, ನೀನೇ ಓಡಿಸಿ ತೋರಿಸು ಎಂದು ಹುಡುಗನಿಗೆ ಹೇಳಿದೆ. ಅದರಲ್ಲಿ ಪೂರ್ತಿ ಸುಳ್ಳೇನಿರಲಿಲ್ಲ, ಇಬ್ಬರು ನಿಜವಾಗಿ ಕೇಳಿದ್ದರು. ಹುಡುಗ ಇಸ್ತ್ರಿ ಮಾಡಿದ ಅಂಗಿ, ಹೊಳೆಯುವ ಬೂಟು ಹಾಕಿಕೊಂಡು ಬಂದಿಳಿದ. ಬಂದಿದ್ದ ಆ ಇಬ್ಬರಿಗೂ ಟೀ ಕೊಡಿಸಿ, ಹುಡುಗನನ್ನು ಕುರ್ಚಿಯ ಮೇಲೆ ಕೂರಿಸಿದೆ. ಮೇಜಿನಿಂದ ಮೌಸಿನ ವೈರ್ ಕಿತ್ತು ಜೇಬಿಗೆ ಹಾಕಿಕೊಂಡೆ.

"ಸಾರ್, ಇದೇನು?"

"ಈರುಳ್ಳಿ ಸಿಪ್ಪೆ ಕಟ್ಕಂಡು ಕೆಟ್ಟೋಗದೆ. ನಮ್ಮಲ್ಲಿ ವಾರಕ್ಕೊಂದು ಕೆಡ್ತದೆ. ನೀನು ಬರೆದಂವ, ನಿನಗ್ಯಾಕೆ ಮೌಸು? ನಡೆಸು."

ಲಾರಿ ಹತ್ತಿತು. ಹುಡುಗ ಟ್ಯಾಬ್ ಒತ್ತಿದ, ಒತ್ತಿದ, ಕೊಸರು ದಾಟುತ್ತಾ ಹೋದ, ಪ್ರಿಂಟ್ ಕೂಡ ದಾಟಿಬಿಟ್ಟ, ಮತ್ತೆ ಮೊದಲಿಂದ ಸುತ್ತು ಹೊಡೆದ. ಹೊರಗೆ ಹಾರನ್ನು ಜೋರಾಯಿತು. ಹುಡುಗನ ಕತ್ತಿನ ಹಿಂದೆ ಬೆವರು ಇಳಿಯಿತು. ಪರದೆ ಹಸಿರಾಯಿತು. ನೋಡಲು ಬಂದಿದ್ದವರಲ್ಲೊಬ್ಬ, "ನಮ್ಮ ಕರಿ ಪರದೇದೇ ವಾಸಿ ಕಣ್ರಪ್ಪ" ಎಂದು ಟೀ ಲೋಟ ಕೆಳಗಿಟ್ಟ.

ಅಕ್ಕನ ಮಗಳು ಬಾಗಿಲಿಗೆ ಒರಗಿ ನಿಂತಿದ್ದಳು. "ಅಣ್ಣ, ನಿಮಗ ಅತ್ತು ಬೆರಳೂ ಅವೆ. ಆದ್ರೂ ಒಂದು ಚೀಟಿ ಬರ್ನಿಲ್ವಲ್ಲ?"

ಹುಡುಗ ತಿರುಗಿ ಮೊದಲ ಸಲ ಅವಳ ಕೈಗಳನ್ನು ನೋಡಿದ. ಅವಳು ಸೆರಗಿನೊಳಗೆ ಎಳೆದುಕೊಳ್ಳಲಿಲ್ಲ.

ಇಷ್ಟಾದರೂ ಅವನು ಸೋಲು ಒಪ್ಪಿಕೊಳ್ಳುವವನಲ್ಲ. ಜನ ಹೋದ ಮೇಲೆ ನನ್ನ ಕಡೆಗೇ ತಿರುಗಿದ. "ಸಾರ್, ಒಂದೊಂದು ಬಟನ್ನಿಗೆ ಒಂದೊಂದು ಕೀ ಕೊಡೋದು ನನಗೆ ದೊಡ್ಡ ಕೆಲಸ ಅಲ್ಲ. ಆದರೆ ಚಾಮರಾಜನಗರದ ನಿಮ್ಮ ಮಿಶನ್ನಿನ ರೀತಿನೇ ಬೇರೆ. ಅಲ್ಲಿ ಟ್ಯಾಬ್ ಒತ್ತಿದ್ರೆ ಬರೆಯೋ ಡಬ್ಬಿಗಳ ಮೇಲೆ ಮಾತ್ರ ನಿಲ್ಲುತ್ತೆ, ಬಟನ್ ಮೇಲೆ ನಿಲ್ಲೋದೇ ಇಲ್ಲ. ಮೇಲಿನ ಸಾಲಿನ ಕೀಗಳೂ ಅಲ್ಲಿ ಬೇರೆ ಕೆಲಸಕ್ಕೆ. ಎರಡು ಕಡೆನೂ ಒಂದೇ ಥರ ನಡೀಬೇಕು, ಒಂಚೂರೂ ವ್ಯತ್ಯಾಸ ಇರಬಾರದು ಅಂತ ಕೈಮೇಲೆ ಕೈ ಹಾಕಿಸಿಕೊಂಡವರು ನೀವು. ಅಲ್ಲಿ ಆಗದೇ ಇರೋದನ್ನ ಇಲ್ಲೂ ತೆಗೆದೆ. ಅದಕ್ಕೇ ಹೀಗಾಗಿದೆ."

ನನಗೆ ಮೈ ಉರಿದುಹೋಯಿತು. ಒಂದೇ ಥರ ಇರಲಿ ಎಂದರೆ ಇಬ್ಬರಿಗೂ ಊಟ ಹಾಕು ಎಂದರ್ಥ. ಇವನು ಒಬ್ಬನಿಗೆ ಹಲ್ಲಿಲ್ಲವೆಂದು ಇಬ್ಬರಿಗೂ ಬರೀ ಗಂಜಿ ಬಡಿಸಿದ್ದ. ಯಾವ ಮಿಶನ್ನಿಗೆ ಹಾಕಿದರೂ ಓಡುತ್ತದೆ ಎಂದು ಯಾರಾದರೂ ನಿಮಗೆ ಮಾರಲು ಬಂದರೆ, ಎಲ್ಲಿ ಯಾವುದು ನಡೆಯುವುದಿಲ್ಲ ಎಂಬುದನ್ನು ಮೊದಲು ಕೇಳಿ. ಅವರಾಗಿ ಹೇಳುವುದಿಲ್ಲ. ಕೀಬೋರ್ಡ್ ಒಂದರಿಂದಲೇ ಮೊದಲಿಂದ ಕೊನೆಯವರೆಗೆ ಒಂದು ಕೆಲಸ ಮುಗಿಸಿ ತೋರಿಸಿ ಎನ್ನಿ. ತಡವರಿಸಿದರೆ ಎದ್ದು ಬನ್ನಿ.

ಆದರೆ ಆಗ ನನ್ನ ಮುಂದಿದ್ದದ್ದು ಬೇರೆ ಲೆಕ್ಕ. ವ್ಯಾಪಾರದಲ್ಲಿ ನಾನು ಗೆದ್ದುಕೊಂಡದ್ದನ್ನು ಹಿಂದಕ್ಕೆ ಕೊಟ್ಟವನೇ ಅಲ್ಲ. ಹುಡುಗನಿಗೆ ಹೇಳಿದೆ: "ಚಾಮರಾಜನಗರದ್ದು ಬುಡು. ಅಲ್ಲಿ ನಡೀದಿದ್ರೆ ನಡೀದೇ ಓಗ್ಲಿ. ಇಲ್ಲಿಗೆ ಬೇರೆ ಮಾಡು. ಕೊಸರೂ ಬೇಡ, ಎಲ್ಲಾ ಕಿತ್ತಾಕು."

"ಕೊಸರು ವಾಪಸ್ಸಾ ಸಾರ್?"

"ಊಂ, ವಾಪಸ್ಸು."

ಗುಂಡ್ಲುಪೇಟೆಯಲ್ಲಿ ಕೊಸರು ಹಿಂದಿರುಗಿಸಿದ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ. ಆ ಮಾತು ಬಾಯಿಂದ ಹೊರಡುವಾಗ ಹಲ್ಲು ಕೀಳಿಸಿಕೊಂಡ ಹಾಗಾಯಿತು. ಬಾಗಿಲ ಹತ್ತಿರ ನಿಂತವಳು, "ಓಹೋ, ನಮಸ್ಕಾರದ ಬಟನ್ನಿನ ಯಜಮಾನ್ರು ನೀನೇನಾ ಮಾವ?" ಎಂದು ಕಿಸಕ್ಕನೆ ನಕ್ಕಳು. ಆ ತಿಂಗಳಲ್ಲಿ ಅವಳು ನಕ್ಕದ್ದು ಅದೇ ಮೊದಲು.

ಹುಡುಗ ತನ್ನ ಡಿಸ್ಕುಗಳನ್ನು ತೆಗೆದು ಅಲ್ಲೇ ಕೂತು ತಿದ್ದಲು ಶುರು ಮಾಡಿದ. ಊಟದ ಹೊತ್ತಿಗೆ ಮುಗಿಸಿ ಹೆಮ್ಮೆಯಿಂದ ತೋರಿಸಿದ. ಪ್ರತಿ ಬಟನ್ನಿನ ಹೆಸರಲ್ಲೂ ಒಂದು ಅಕ್ಷರದ ಕೆಳಗೆ ಗೆರೆ ಇತ್ತು. ಆಲ್ಟ್ ಕೀ ಅದುಮಿ ಹಿಡಿದು ಆ ಅಕ್ಷರ ಒತ್ತಿದರೆ ಆಯಿತಂತೆ. ಅವಳು ಬಲ ಮುಷ್ಟಿಯನ್ನು ಆಲ್ಟ್ ಮೇಲಿಟ್ಟಳು. ಪಕ್ಕದ ಸ್ಪೇಸ್‌ಬಾರೂ ಜೊತೆಗೇ ಅದುಮಿಕೊಂಡಿತು. ಮತ್ತೆ ಇಟ್ಟಳು, ಮತ್ತೆ ಹಾಗೇ.

"ಒಂದ್ಸಲಕ್ಕ ಒಂದು ಕೀ ಕಣಣ್ಣ. ಎರಡು ಬೇಡ. ಮೇಲ್ಗಡೆ ಸಾಲಲ್ಲಿ ಅಷ್ಟೊಂದು ಕೀ ಸುಮ್ನೆ ಬಿದ್ದವಲ್ಲ, ಅವುನ್ನ ಯಾರಿಗಂತ ಮಡಗಿದ್ದೀರಿ?"

"ಎಫ್ ಹತ್ತು ಆಗೋಲ್ಲ, ಅದನ್ನ ಮಿಶನ್ನೇ ಮೆನುವಿಗೆ ಇಟ್ಟುಕೊಂಡಿದೆ. ಎಫ್ ಒಂದು ಹೆಲ್ಪ್‌ಗೆ..." ಎಂದು ಶುರು ಮಾಡಿದ.

"ಅತ್ತನೇದು ಬೇಡ. ಮೊದ್ಲಿಂದ ಎರಡು, ಮೂರು, ಐದು ಇದ್ವು. ಅವೇ ಕೊಡಿ. ನನ್ನ ಬೆರಳಿಗ ಅವು ಗೊತ್ತು. ನಿಮ್ಮ ಎಲ್ಪು ನಂಗ ಬೇಡ."

ಅವನು ಮತ್ತೆ ಕೂತ. ಸಂಜೆ ಕೊನೆಯ ಮೈಸೂರು ಬಸ್ಸಿನ ಹೊತ್ತಿಗೆ ಎಫ್ ಎರಡು, ಮೂರು, ಐದು ಮತ್ತೆ ತಮ್ಮ ತಮ್ಮ ಕೆಲಸಕ್ಕೆ ಬಂದಿದ್ದವು. ಹೊರಡುವಾಗ ಅವನ ಹೊಳೆಯುವ ಬೂಟಿನ ಮೇಲೆ ನಮ್ಮೂರಿನ ಕೆಂಪು ಧೂಳು ಕೂತಿತ್ತು. ಬಸ್ಸಿನ ಮೆಟ್ಟಿಲ ಮೇಲೆ ನಿಂತು, "ಇದು ಇಲ್ಲಿಗೆ ಮಾತ್ರ ಸಾರ್. ಮುಂದೆ ತಿದ್ದಿ ಕಳಿಸೋ ವರ್ಷನ್‌ನಲ್ಲಿ ಇರುತ್ತೋ ಇಲ್ವೋ ಹೇಳಕ್ಕಾಗಲ್ಲ. ಎಲ್ಲರಿಗೂ ಒಂದೇ ಕೊಡಬೇಕಾಗುತ್ತೆ" ಎಂದ. ಉತ್ತರ ಕೊಡುವಷ್ಟರಲ್ಲಿ ಬಸ್ಸು ಹೊರಟಿತು. ನಾನು ಅಲ್ಲೇ ನಿಂತು ಹೊಗೆಗೆ ಬೈದೆ.

ಚಾಮರಾಜನಗರದ ಅಂಗಡಿಯಲ್ಲಿ ಆ ಪ್ರೋಗ್ರಾಂ ಕೊಸರಿನ ಬಟನ್ನುಗಳ ಸಮೇತ ಹಾಗೇ ಉಳಿಯಿತು. ಅರಿಸಿನದ ಮಂಡಿಯವರಿಗೆ ಬಿಲ್ಲು ತೆಗೆಯುವ ನನ್ನ ಯೋಜನೆ ಮೂಲೆಗೆ ಬಿತ್ತು, ಏಕೆಂದರೆ ಅಲ್ಲಿಗೆ ನಾನು ಕಳಿಸಬೇಕೆಂದಿದ್ದವಳೂ ಇವಳೇ. ಅಕ್ಕನ ಮನೆಗೂ ಹತ್ತಿರ, ಲಾರಿ ಧೂಳೂ ಇಲ್ಲ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದೆ. ಒಂದು ದಿನ ಅಲ್ಲಿಗೆ ಕರೆದುಕೊಂಡು ಹೋಗಿ ಕೂರಿಸಿಯೂ ನೋಡಿದೆ. ಅವಳು ಟ್ಯಾಬ್ ಒತ್ತಿದಳು. ಪರದೆಯ ಮೇಲೆ ಮಿನುಗುವ ಗೀರು ಎರಡು ಡಬ್ಬಿಗಳ ನಡುವೆಯೇ ಆಚೆಗೂ ಈಚೆಗೂ ಓಡಾಡಿತು, ಬಟನ್ನುಗಳ ಕಡೆ ತಲೆ ಹಾಕಲಿಲ್ಲ. "ಬಾ ಮಾವ, ಗುಂಡ್ಲುಪೇಟೆ ಬಸ್ಸು ತಪ್ಪೋಯ್ತದೆ" ಎಂದು ಎದ್ದಳು.

ಹೇಳಿದ ಹಾಗೆ ತಿಂಗಳು ತುಂಬಿದ ಭಾನುವಾರ ಭಾವ ಬಂದರು. ಕೈಯಲ್ಲಿ ಖಾಲಿ ಚೀಲ, ಮಗಳ ಬಟ್ಟೆ ತುಂಬಿಕೊಂಡು ಹೋಗಲು. ಕಟ್ಟೆ ಖಾಲಿಯಿತ್ತು. ಅವಳು ಒಳಗೆ ಕುರ್ಚಿಯ ಮೇಲಿದ್ದಳು, ಪ್ಲೇಟಿನ ಮೇಲೊಂದು ಲಾರಿ, ಹಿಂದೆ ಮೂರು.

"ಬಂದಾ ಕಣಪ್ಪ? ಕುಂತ್ಕೋ, ನೀರು ಅಲ್ಲಿ ಅದೆ ನೋಡು" ಎಂದಳು, ಕಣ್ಣು ಪರದೆಯ ಮೇಲೇ. ಕಿಟಕಿಯ ಕಡೆ ತಿರುಗಿ, "ಲೇ, ಸ್ಟೆಪ್ನಿ ಮ್ಯಾಲ ಯಾರೋ ಕುಂತಿರದು, ಇಳೀಯಾ!" ಎಂದು ಕೂಗಿದಳು.

ಭಾವ ಕುಳಿತರು. ಚೀಲವನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡು ನಾಲ್ಕೂ ಲಾರಿ ಹೋಗುವವರೆಗೆ ಅವಳ ಬೆರಳನ್ನು ನೋಡುತ್ತಿದ್ದರು. ಆಮೇಲೆ ನನ್ನನ್ನು ಆಚೆಗೆ ಕರೆದರು.

"ಸರಿ ಮಾಡ್ಸಿದ್ದಯ ಬುಡು. ಆದ್ರ ನಿಜ ಏಳ್ಲಾ, ಮುಂದ್ಲ ವರ್ಸನೂ ಈ ಮಿಸನ್ನು ಇಂಗೇ ಇದ್ದದಾ? ಇನ್ನೊಂದು ತಕ್ಕಬಂದು ಹಾಕ್ಬುಟ್ರ, ಇವಳು ತಿರ್ಗ ಕಟ್ಟೆ ಮ್ಯಾಲೇ ಕುಂತ್ಕಬೇಕಾ?"

ಮಳೆ ಬರುತ್ತದೆಂದು ಈರುಳ್ಳಿ ಮಾರಿದವನು ನಾನು, ಬರುವುದಿಲ್ಲವೆಂದು ಕೊಂಡವನು ನಾನು. ಭಾವನಿಗೆ ಕೊಡಲು ಮಾತ್ರ ನನ್ನ ಹತ್ತಿರ ಒಂದು ಖಾತರಿಯ ಮಾತು ಇರಲಿಲ್ಲ. ಹುಡುಗ ಬಸ್ಸಿನ ಮೆಟ್ಟಿಲ ಮೇಲೆ ಹೇಳಿದ್ದನ್ನು ಹೇಳಿಬಿಟ್ಟೆ. ಅವರು ಚೀಲದ ಮಡಿಕೆ ಬಿಚ್ಚಿದರು, ಮತ್ತೆ ಮಡಿಸಿದರು.

ಒಳಗಿನಿಂದ ಅವಳಿಗೆ ಎಲ್ಲ ಕೇಳಿಸಿತ್ತು. "ಅಪ್ಪೋ, ಆ ಡಿಸ್ಕು ಈ ರೂಮ್ನೊಳಕ ಬರ್ಬೇಕಾದ್ರ ನಾನು ನೋಡಿ ಊಂ ಅಂದಿರ್ಬೇಕು. ಮಾವಂಗ ಏಳಿವ್ನಿ. ನೀನು ಓಗು, ಚಾಮರಾಜನಗರದ ಬಸ್ಸು ಬಂತು ನೋಡು" ಎಂದಳು.

ಭಾವ ಖಾಲಿ ಚೀಲವನ್ನು ಕಂಕುಳಲ್ಲಿ ಇಟ್ಟುಕೊಂಡು ರಸ್ತೆ ದಾಟಿದರು.